ನಾಲ್ಕನೇ ಜ್ವರದ ದಿನ ನೋಡಿದ ಯುದ್ಧ

ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಹೊಸ ಮನೆ ನೆನಪಾಗಬಹುದು. ನನಗೆ ಯುದ್ಧದ ಟ್ಯಾಂಕು ನೆನಪಾಗುತ್ತದೆ. ಅದರ ಮುಂದೆ ಮೀಸೆಗೆ ಕಪ್ಪು ಬಳಿದುಕೊಂಡು, ಇಸ್ತ್ರಿ ಅಂಗಿಯೊಳಗೆ ಎದೆಯುಬ್ಬಿಸಿ ನಿಂತ ನಮ್ಮ ಯಜಮಾನರು ನೆನಪಾಗುತ್ತಾರೆ. ನಿನ್ನೆ ನಮ್ಮ ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ ಕೂತವು. ಅವು ಕೂತ ಸೊಪ್ಪಿನ ಹಾಸಿಗೆ ಒದ್ದೆಯಾಗದಿರಲಿ ಎಂದು ಇವತ್ತು ಬೆಳಿಗ್ಗೆ ಸುಣ್ಣ ಉದುರಿಸುತ್ತ ತಲೆ ಎತ್ತಿದೆ. ತೊಲೆಯ ಮೇಲೆ ಕಣ್ಣು ಬಿತ್ತು. ಆ ಮಳೆಗಾಲವೆಲ್ಲ ಒಂದೇ ಸಲಕ್ಕೆ ಕಣ್ಣ ಮುಂದೆ ಬಂತು.

ಹುಳ ಸಾಕದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಹಳೆಯ ಚರ್ಮ ಕಳಚಿ ಹೊಸದು ತೊಡುವ ಹೊತ್ತು. ಆಗ ಅವು ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತವೆ, ಸೊಪ್ಪು ಮುಟ್ಟುವುದಿಲ್ಲ. ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಹೀಗೆ ಕೂರುತ್ತವೆ. ಅವುಗಳ ಉಪವಾಸವೇ ನಮ್ಮ ಭಾನುವಾರ. ಮಿಕ್ಕ ದಿನಗಳಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಗಂಡ ಹೆಂಡತಿ ಒಟ್ಟಿಗೆ ಊರು ಬಿಡುವ ಹಾಗಿಲ್ಲ. ನಾವಿಬ್ಬರೂ ಜೊತೆಯಾಗಿ ಎಲ್ಲಿಗಾದರೂ ಹೋಗಿದ್ದರೆ ಅದು ಹುಳದ ಜ್ವರದ ಕೃಪೆಯೇ ಹೊರತು ಯಜಮಾನರ ಪ್ರೀತಿಯಲ್ಲ.

ಆ ವರ್ಷ ನಮ್ಮ ಮಗಳು ಚೈತ್ರ ಪಿಯುಸಿ ಮುಗಿಸಿದ್ದಳು. ಸೈನ್ಯಕ್ಕೆ ಈಗ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ ಎಂದು ಎಲ್ಲಿಂದಲೋ ತಿಳಿದುಕೊಂಡು, ಬೆಳಗಾದರೆ ಕೆರೆ ಏರಿಯ ಮೇಲೆ ಓಡುವುದಕ್ಕೆ ಶುರು ಮಾಡಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಓಟದ ಪರೀಕ್ಷೆ. ಅದರಲ್ಲಿ ಗೆದ್ದರೆ ಮುಂದಿನದು.

ನಮ್ಮ ಮನೆಯಲ್ಲಿ ಅದಾಗಲೇ ಒಬ್ಬ ಸೇನಾಪತಿ ಇದ್ದರು. ಅವರ ಹೆಸರು ಕೆಂಪರಾಜು, ಸಾತನೂರಿನ ಟೀ ಅಂಗಡಿಗೆ ಕೆಂಪಣ್ಣ. ಬಂದೂಕು ಹಿಡಿದವರಲ್ಲ, ಮನೆಯೊಳಗೆ ಹೆಗ್ಗಣ ಬಂದರೆ ನನ್ನನ್ನು ಕೂಗುತ್ತಿದ್ದವರು. ಆದರೆ ಟಿ.ವಿ.ಯಲ್ಲಿ ಗಡಿಯ ಸುದ್ದಿ ಬಂದರೆ ಸಾಕು, ಹೆಗಲ ಮೇಲಿನ ಟವೆಲ್ಲು ಕೈಗೆ ಬರುತ್ತಿತ್ತು. 'ನುಗ್ಗಿ ಹೊಡೀಬೇಕು ಕಣ್ಲಾ! ಮಾತೇನು ಮಾತು!' ಎಂದು ಅರ್ಧ ಟೀ ಲೋಟ ಹಿಡಿದುಕೊಂಡೇ ಮೂರು ಊರು ಗೆದ್ದು ಬರುತ್ತಿದ್ದರು. ಸುತ್ತ ಕೂತ ಅಂಥದೇ ಸೈನಿಕರು ಹೌದೌದು ಅನ್ನುತ್ತಿದ್ದರು. ಅವರಲ್ಲಿ ಒಬ್ಬನ ಮನೆಯಿಂದಲೂ ಒಬ್ಬ ಹುಡುಗ ಸೈನ್ಯಕ್ಕೆ ಹೋಗಿರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವುದು ಇಂಥವರನ್ನು ನೋಡಿಯೇ.

ಚೈತ್ರ ಊಟದ ಹೊತ್ತಿನಲ್ಲಿ ವಿಷಯ ಹೇಳಿದಾಗ ಸೇನಾಪತಿಗಳ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನಲ್ಲಿಯೇ ನಿಂತಿತು.

'ಅದ್ಯಾಕವ್ವ ಅಷ್ಟ್ ದೂರ? ಟೀಚರ್ ಟ್ರೈನಿಂಗ್ ಮಾಡು. ಕನಕಪುರದಲ್ಲೇ ಐತೆ.'

'ನೀನೇ ಅಲ್ವಾ ಅಪ್ಪ, ದೇಶ ಕಾಯೋರೇ ನಿಜವಾದ ದೇವ್ರು ಅನ್ನೋದು?' ಎಂದಳು ಅವಳು.

ಮಾರನೆಯ ದಿನ ಸುದ್ದಿ ಹೇಗೋ ಸಾತನೂರು ಸರ್ಕಲ್ಲಿಗೆ ಮುಟ್ಟಿತು. ಟೀ ಅಂಗಡಿಯವರೆಲ್ಲ ಎದ್ದು ಕೈ ಕುಲುಕಿದರಂತೆ. ಹೊಗಳಿಕೆ ಅನ್ನುವುದು ನಮ್ಮ ಯಜಮಾನರಿಗೆ ಹರಳೆಣ್ಣೆಯ ಹಾಗೆ, ಒಳಗೆ ಹೋದರೆ ಏನಾದರೂ ಹೊರಗೆ ಬರಲೇಬೇಕು. 'ನಮ್ಮನೇಲಿ ಹುಟ್ಟಿದ್ಮೇಲೆ ಇನ್ನೇನ್ಲಾ! ದೇಶಕ್ಕೆ ಕೊಟ್ಬುಟ್ಟೆ ಮಗಳ್ನ!' ಎಂದು ಘೋಷಿಸಿ ಬಂದರು. ಅವಳೇನು ಸೀಮೆಹಸುವೇ ಕೊಡುವುದಕ್ಕೆ ಎಂದು ನಾನು ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರು.

ಅದೇ ವಾರ ಚಾಕಿ ಹುಳ, ಅಂದರೆ ಎರಡು ಜ್ವರ ಕಳೆದ ಮರಿಹುಳ, ತಂದೆವು. ಹುಳ ಮನೆಗೆ ಬಂದ ಮರುದಿನ ಹುಳದ ಮನೆಯ ತೊಲೆಗೆ ಅರಿಶಿನ ಬಟ್ಟೆಯ ಗಂಟೊಂದು ನೇತಾಡುತ್ತಿತ್ತು. ಹರಕೆ ಹೊತ್ತವರು ಒಂದು ನಾಣ್ಯವನ್ನು ಹೀಗೆ ಮುಡಿಪು ಕಟ್ಟಿಡುವುದು ನಮ್ಮ ಕಡೆ ವಾಡಿಕೆ. ಕೆಲಸವಾದ ಮೇಲೆ ಅದನ್ನು ದೇವರಿಗೆ ಒಪ್ಪಿಸಬೇಕು.

'ಯಾವ ಹರಕೆ?' ಎಂದೆ.

'ಕೆಂಗಲ್ ಹನುಮಂತರಾಯಂಗೆ. ಹುಳದ ಬೆಳೆ ಚೆನ್ನಾಗಿ ಬರ್ಲಿ ಅಂತ' ಎಂದರು, ಬೇರೆ ಕಡೆ ನೋಡುತ್ತ.

ಬೇರೆ ಕಡೆ ನೋಡಿದ್ದನ್ನು ನಾನು ಗಮನಿಸಬೇಕಿತ್ತು. ಬದಲಿಗೆ, ಪರವಾಗಿಲ್ಲ, ಈ ಮನುಷ್ಯನಿಗೂ ಮನೆಯ ಮೇಲೆ ನಿಗಾ ಬಂತು ಎಂದು ಖುಷಿಪಟ್ಟೆ. ಅವತ್ತಿನಿಂದ ದಿನಾ ಬೆಳಿಗ್ಗೆ ಆ ಗಂಟಿಗೆ ಒಂದು ಹೂವು ಸಿಕ್ಕಿಸಿ ಕೈ ಮುಗಿಯುತ್ತಿದ್ದೆ. ಹುಳಕ್ಕೆ ಘಮ ಆಗುವುದಿಲ್ಲ, ಮಲ್ಲಿಗೆ ಒಳಗೆ ತರುವಂತಿಲ್ಲ, ಊದುಬತ್ತಿಯಂತೂ ಇಲ್ಲವೇ ಇಲ್ಲ. ಆದ್ದರಿಂದ ವಾಸನೆಯಿಲ್ಲದ ಕನಕಾಂಬರ.

ಮೂರನೇ ಜ್ವರ ಏಳುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಏರಿಯ ಮೇಲಿನ ಕೆಂಪು ಮಣ್ಣಿನಲ್ಲಿ ಚೈತ್ರ ಜಾರಿಬಿದ್ದು ಕಾಲು ಉಳುಕಿಸಿಕೊಂಡಳು. ಕಾಲಿನ ಹರಡು ಸೀಬೆಕಾಯಿಯ ಹಾಗೆ ಊದಿತು. ಎಣ್ಣೆ ನೀವಿ, ಅರಿಶಿನದ ಪಟ್ಟು ಹಾಕಿದೆ. ಅವಳು ಹಲ್ಲು ಕಚ್ಚಿಕೊಂಡು, 'ಓಟಕ್ಕೆ ಇನ್ನೂ ದಿನ ಐತಲ್ಲವ್ವ' ಅನ್ನುತ್ತಿದ್ದಳು. ನಾನು ಮಾರನೆಯ ದಿನದಿಂದ ತೊಲೆಯ ಗಂಟಿಗೆ ಎರಡು ಹೂವು ಇಡುವುದಕ್ಕೆ ಶುರು ಮಾಡಿದೆ. ಬೆಳೆಗೊಂದು, ಅವಳ ಕಾಲಿಗೊಂದು. ಯಜಮಾನರು ಅದನ್ನು ನೋಡಿ ಹೊರಗೆ ಹೋಗಿಬಿಡುತ್ತಿದ್ದರು. ಸೊಪ್ಪು ಕೊಯ್ಯುವುದಕ್ಕೆ ಹೋದರು ಎಂದುಕೊಳ್ಳುತ್ತಿದ್ದೆ.

ಈ ನಡುವೆ ಟೀ ಅಂಗಡಿಯಲ್ಲಿ ಯಾರೋ, ಬೆಂಗಳೂರಿನಲ್ಲಿ ಯುದ್ಧದ ಮ್ಯೂಸಿಯಂ ಇದೆ, ಸೈನಿಕರ ತಂದೆತಾಯಿ ಆದವರು ಅದನ್ನು ನೋಡಿರಬೇಕು ಎಂದು ಕಿವಿಗೆ ಹಾಕಿದ್ದರು. ಅವಳು ಓಡುವ ಮೊದಲೇ ಇವರು ಸೈನಿಕಳ ತಂದೆ. ನಾಲ್ಕನೇ ಜ್ವರಕ್ಕೆ ಹುಳ ಕೂತ ಸಂಜೆ ಜಗಲಿಯ ಮೇಲೆ ಕನ್ನಡಿ ಇಟ್ಟುಕೊಂಡು ಮೀಸೆಗೆ ಬಣ್ಣ ಹಾಕಿದರು. ಆ ವಾಸನೆಗೆ ಹುಳದ ಮನೆಯ ಹತ್ತಿರ ಸುಳಿಯಬೇಡಿ ಎಂದು ನಾನೇ ಗಡಿ ಕಾಯಬೇಕಾಯಿತು. ಬೆಳಿಗ್ಗೆ ಚೈತ್ರಳನ್ನು ಕಾವಲಿಗೆ ಬಿಟ್ಟು ಮೊದಲ ಬಸ್ಸು ಹತ್ತಿದೆವು.

ಮ್ಯೂಸಿಯಮ್ಮಿನ ಅಂಗಳದಲ್ಲಿಯೇ ಆ ಟ್ಯಾಂಕು ನಿಂತಿತ್ತು. ಹೊಸದಾಗಿ ಹಸಿರು ಪೇಂಟ್ ಹೊಡೆದು, ಅದರ ಮೂತಿಯ ಕೆಳಗೆ ಸಾಲಾಗಿ ಚೆಂಡುಹೂವಿನ ಕುಂಡ ಜೋಡಿಸಿದ್ದರು. ಜನ ಸಾವಿಗೆ ಎಷ್ಟು ಚೆನ್ನಾಗಿ ತೋರಣ ಕಟ್ಟುತ್ತಾರಪ್ಪ ಅನ್ನಿಸಿತು. ಅದರ ಪಕ್ಕದಲ್ಲಿ ಹಲಗೆಯ ಮೇಲೆ ಬರೆದ ಸೈನಿಕ, ಮುಖದ ಜಾಗದಲ್ಲಿ ತೂತು. ಹಿಂದಿನಿಂದ ಹೋಗಿ ತೂತಿನಲ್ಲಿ ಮುಖ ಇಟ್ಟರೆ ಫೋಟೋ. ಮುಖ ಯಾರದಾದರೂ ನಡೆಯುತ್ತದೆ. ನಮ್ಮವರು ಓಡಿಹೋಗಿ ಇಟ್ಟರು. 'ತೆಗಿ, ತೆಗಿ, ಮೀಸೆ ಬರ್ಬೇಕು!' ಬಿಸಿಲಿಗೆ ಬಣ್ಣ ಬೆವತು ತುಟಿಯ ಮೇಲೆ ಇಳಿಯುತ್ತಿತ್ತು. ನಾನು ಹೇಳಲಿಲ್ಲ. ಹಾಗೆಯೇ ತೆಗೆದೆ.

ಒಳಗೆ ಹೋದ ಮೇಲೆ ತಡೆಯುವವರೇ ಇಲ್ಲ. ಯಾವುದೋ ಊರಿನಿಂದ ಬಂದ ಗಂಡಹೆಂಡತಿ ಒಂದು ತೋಪಿನ ಮುಂದೆ ನಿಂತಿದ್ದರೆ ಅವರಿಗೆ ಅದರ ವಿವರಣೆ ಕೊಟ್ಟರು. ಗೋಡೆಯ ಮೇಲೆ ಬರೆದದ್ದೇ ಬೇರೆ, ಇವರು ಹೇಳಿದ್ದೇ ಬೇರೆ. ಕೊನೆಗೆ, 'ನನ್ನ ಮಗಳೂ ಮಿಲಿಟ್ರಿಲೇ ಅವ್ಳೆ' ಎಂದರು. ಆ ಹೆಂಗಸು ಭಕ್ತಿಯಿಂದ ಇವರಿಗೆ ನಮಸ್ಕಾರ ಮಾಡಿದಳು! ಅದನ್ನು ಇವರು ಸ್ವೀಕರಿಸಿದರು ಕೂಡ. ಊದಿದ ಕಾಲಿಗೆ ಪಟ್ಟು ಹಾಕಿಕೊಂಡು ಮನೆಯಲ್ಲಿ ಕೂತ ಹುಡುಗಿಯನ್ನು ನೆನೆದು ನನಗೆ ಮೈಯೆಲ್ಲ ಉರಿದುಹೋಯಿತು.

ಅಂಗಡಿಯ ವಿಷಯ ಹೇಳದಿದ್ದರೆ ಅನ್ಯಾಯವಾದೀತು. ನೋಡಿ ಮುಗಿಸಿದವರು ಕೊಳ್ಳಲಿ ಎಂದು ಅಲ್ಲೊಂದು ಮಳಿಗೆ. ಅದರಲ್ಲಿ ಮರದ ಟ್ಯಾಂಕು, ಕೆಂಪು ಹಳದಿ ಅರಗಿನ ಬಣ್ಣದ್ದು, ನಮ್ಮ ಚನ್ನಪಟ್ಟಣದ್ದೇ. ಹೋಗುತ್ತ ಬರುತ್ತ ರಸ್ತೆಯ ಪಕ್ಕದ ಅಂಗಡಿಯಲ್ಲಿ ನೋಡಿಯೂ ತಿರುಗಿ ನೋಡದ ಬೊಂಬೆಯನ್ನು ಬೆಂಗಳೂರಿಗೆ ಬಂದು ಕೊಂಡರು. 'ಯುದ್ಧದ ಮ್ಯೂಸಿಯಮ್ಮಿಂದು ಕಣಮ್ಮಿ, ಟೀ ಅಂಗ್ಡೀಲಿ ಇಡೋಕೆ ಕೊಡ್ತೀನಿ' ಎಂದರು.

ಹೊರಗೆ ಬರುವ ದಾರಿಯಲ್ಲಿ ಒಂದು ಗಾಜಿನ ಪೆಟ್ಟಿಗೆ. ಒಳಗೆ ಒಂದು ಜೊತೆ ಬೂಟು ಮಾತ್ರ. ಹಿಮದಲ್ಲಿ ಸತ್ತ ಒಬ್ಬ ಸೈನಿಕನದಂತೆ. ಪಾಪ, ಚಿಕ್ಕ ಕಾಲಿನವನು. ನಾನು ಮುಂದೆ ಹೋಗಿದ್ದವಳು ತಿರುಗಿ ನೋಡಿದರೆ ಯಜಮಾನರು ಅಲ್ಲಿಯೇ ನಿಂತಿದ್ದರು. ಗಾಜಿನ ಮೇಲೆ ಗೇಣು ಇಟ್ಟು ಬೂಟಿನ ಉದ್ದ ಅಳೆಯುತ್ತಿದ್ದರು. ಚೈತ್ರಳಿಗೆ ಓಡುವ ಬೂಟು ತರುವುದಕ್ಕೆ ಹೋದಾಗಲೂ ಹೀಗೆಯೇ ಅವಳ ಪಾದಕ್ಕೆ ಗೇಣಿಟ್ಟು ಅಳತೆ ಒಯ್ದಿದ್ದರು.

'ಏನದು?' ಎಂದೆ.

'ಏನಿಲ್ಲ. ನಡಿ, ಇಲ್ಲಿ ಸೆಕೆ. ಆ ಗೋಪುರಕ್ಕೆ ಹೋಗಾನ, ಗಾಳಿ ಬತ್ತದೆ.'

ಗೋಪುರ ಅಂದರೆ ಮ್ಯೂಸಿಯಮ್ಮಿನ ಪಕ್ಕದಲ್ಲಿದ್ದ, ದೇವರಿಲ್ಲದ ಗೋಪುರ. ಲಿಫ್ಟಿನಲ್ಲಿ ಮೇಲೆ ಹೋಗಿ ಸುತ್ತಲೂ ಇರುವ ಮೊಗಸಾಲೆಯಲ್ಲಿ ನಿಂತು ಪಟ್ಟಣ ನೋಡುವುದು, ಮತ್ತೆ ಇಳಿಯುವುದು. ಇದಕ್ಕೂ ಜನ ಸಾಲು ನಿಲ್ಲುತ್ತಾರೆ. ನಮ್ಮ ರಾಮನಗರದ ಬೆಟ್ಟಗಳನ್ನು ಬಿಟ್ಟಿಯಾಗಿ ಹತ್ತಬಹುದು. ಅಲ್ಲಿ ಹತ್ತಿದರೆ ಕಾಣುವುದು ಕಾಡಾದರೂ ಹೌದು. ಇಲ್ಲಿ ಕಂಡದ್ದು ನೀರಿನ ಟ್ಯಾಂಕು, ನೀರಿನ ಟ್ಯಾಂಕು, ಮತ್ತೂ ನೀರಿನ ಟ್ಯಾಂಕು. ಕರಿ ಮುಚ್ಚಳದವು. ನೋಡಿದವರೆಲ್ಲ ಆಹಾ ಅನ್ನುತ್ತಿದ್ದರು.

ಯಜಮಾನರ ಆಹಾ ಕೇಳಲಿಲ್ಲ. ನೋಡಿದರೆ ಎರಡೂ ಕೈಯಲ್ಲಿ ಗೋಡೆಯ ಕಂಬಿ ಹಿಡಿದು, ಕಣ್ಣು ಮುಚ್ಚಿ, ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದಾರೆ. ಮರದ ಟ್ಯಾಂಕಿನ ಚೀಲ ಕಾಲ ಬುಡದಲ್ಲಿ ಬಿದ್ದಿದೆ.

'ಗೋಪುರ ಅಲ್ಲಾಡ್ತೈತೆ ಕಣೆ' ಎಂದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. 'ಗೋಪುರ ಅಲ್ಲಾಡ್ತಿಲ್ಲ, ನಿಮ್ಮ ಮೊಣಕಾಲು ಅಲ್ಲಾಡ್ತೈತೆ' ಎಂದೆ. 'ಹಿಮದ ಬೆಟ್ಟದ ಮೇಲೆ ನುಗ್ಗಿ ಹೊಡೆಯೋ ಗಂಡಸು ಇಷ್ಟಕ್ಕೇ ಹೀಗಾದ್ರೆ ಎಂಗೆ? ಕಣ್ಣು ಬಿಡಿ, ಮಕ್ಳೆಲ್ಲ ನಿಮ್ಮನ್ನೇ ನೋಡ್ತಾವೆ.'

ಸಾಮಾನ್ಯ ದಿನವಾಗಿದ್ದರೆ ನನ್ನ ಮೇಲೆ ಹಾರಿಬೀಳುತ್ತಿದ್ದರು. ಅವತ್ತು ಕಣ್ಣು ಮುಚ್ಚಿಕೊಂಡೇ, 'ಆ ದೇವ್ರು ನನ್ನ ಸುಮ್ಕೆ ಬುಡಲ್ಲ ಕಣೆ' ಎಂದರು.

'ಯಾವ ದೇವ್ರು?'

'ಹನುಮಂತರಾಯ. ಆ ಮುಡಿಪು ಬೆಳೆಗಲ್ಲ. ಚೈತ್ರ ಓಟದಲ್ಲಿ ಗೆಲ್ಲಬಾರ್ದು ಅಂತ ಕಟ್ಟಿದ್ದು. ಓಡಕ್ಕೆ ಆಗ್ದಂಗೆ ಮಾಡಪ್ಪ ಅಂದೆ. ಸುಮ್ಕೆ ಒಸಿ ಹಿಂದೆ ಬೀಳ್ಲಿ ಅಂತ ಕಣೆ. ಕಾಲು ಮುರೀಲಿ ಅಂತ ಕೇಳಿರ್ಲಿಲ್ಲ.'

ಸಮುದ್ರ ಹಾರಿದ ದೇವರ ಹತ್ತಿರ ಹೋಗಿ, ನನ್ನ ಮಗಳು ಓಡದ ಹಾಗೆ ಮಾಡು ಎಂದು ಕೇಳಿದ ಮಹಾನುಭಾವ ಈ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ಹೋಗಲಿ, ಅವರು ಕಟ್ಟಿದರು. ನಾನು? ದಿನಾ ಬೆಳಿಗ್ಗೆ ಅದಕ್ಕೇ ಹೂವಿಟ್ಟು, ಕೈ ಮುಗಿದು, ಕೇಳಿದ್ದನ್ನು ಬೇಗ ನಡೆಸಿಕೊಡಪ್ಪ ಎಂದು ಬೇಡಿದ್ದೇನೆ. ಅವಳ ಕಾಲು ಊದಿದ ಮೇಲೆ ಎರಡು ಹೂವು!

'ಸಾತನೂರಲ್ಲಿ ದೇಶಕ್ಕೆ ಕೊಟ್ಬುಟ್ಟೆ, ಕೆಂಗಲ್‌ನಲ್ಲಿ ಬ್ಯಾಡ ಅಂತ ಬೇಡ್ಕೊಂಡ್ರಿ. ಎಂಥ ಗಂಡಸು ನೀವು?'

'ಭಯ ಆಯ್ತದೆ ಕಣೆ' ಎಂದರು. ಮೀಸೆಯ ಬಣ್ಣ ಗಲ್ಲಕ್ಕೆ ಇಳಿದಿತ್ತು. 'ಟಿ.ವಿ.ಲಿ ಸಾಯೋರೆಲ್ಲ ಬೇರೇರ ಮಕ್ಳು. ಅದಕ್ಕೇ ಕೂಗಾಡ್ತಿದ್ದೆ.'

ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ನಿಜ ಅದು. ಅದಕ್ಕಾಗಿ ಅವರ ಮೇಲೆ ಪ್ರೀತಿ ಉಕ್ಕಿತು ಅಂದರೆ ಸುಳ್ಳಾಗುತ್ತದೆ. ಹೇಸಿಗೆಯೇ ಹೆಚ್ಚಾಯಿತು. ಬೇರೆಯವರ ಮಕ್ಕಳ ಹೆಣದ ಮೇಲೆ ಇಷ್ಟು ದಿನ ಟೀ ಕುಡಿದಿದ್ದಾರಲ್ಲ ಅನ್ನಿಸಿತು.

ಅಷ್ಟರಲ್ಲಿ ಫೋನು ಬಂತು. ಗಾಳಿಗೆ ಕೇಳಿಸದೆಂದು ಸ್ಪೀಕರ್ ಹಾಕಿದೆ. ಚೈತ್ರ. 'ಅವ್ವ, ಹುಳ ಏಳಕ್ಕೆ ಶುರು ಮಾಡವೆ.' ನಾವು ಅಂದುಕೊಂಡದ್ದಕ್ಕಿಂತ ಬೇಗ. ಯಜಮಾನರು ಕಣ್ಣು ಮುಚ್ಚಿಕೊಂಡೇ ಫೋನು ಕಿತ್ತುಕೊಂಡರು. 'ಸೊಪ್ಪು ಹಾಕ್ಬುಡವ್ವ, ಹಸ್ಕೊಂಡಿರ್ತವೆ!'

'ಇನ್ನೂ ಅರ್ಧಕ್ಕರ್ಧ ಎದ್ದಿಲ್ಲಪ್ಪ. ಈಗ ಹಾಕಿದ್ರೆ ಎದ್ದವು ಮುಂದೆ ಹೋಯ್ತವೆ, ಏಳ್ದಿದ್ದವು ಹಿಂದೆ ಬೀಳ್ತವೆ. ಹಾಕಲ್ಲ, ಕಾಯ್ತೀನಿ' ಎಂದಳು.

'ನಾನ್ ಹೇಳ್ತೀನಿ, ಹಾಕು!'

'ಹಾಕಲ್ಲಪ್ಪ.'

ತಪ್ಪು ಹುಕುಂ ಕೇಳದವಳನ್ನು ಸೈನ್ಯದಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹುಳದ ಮನೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಅಂಥವಳನ್ನೇ. ಯಜಮಾನರು, 'ಕಾಲು ಎಂಗೈತೆ ಮಗಾ?' ಎಂದರು. ಅವಳ ಕಾಲು ಹೇಗಿದೆ ಎಂದು ಅವರು ಕೇಳಿದ್ದು ಅದೇ ಮೊದಲು.

ಅವರನ್ನು ಕೈ ಹಿಡಿದು ಲಿಫ್ಟಿನವರೆಗೆ ಕರೆತಂದೆ. ಬಸ್ಸಿನಲ್ಲಿ ಕೂತ ಮೇಲೆ ಮರದ ಟ್ಯಾಂಕು ಗೋಪುರದ ಮೇಲೆಯೇ ಉಳಿಯಿತೆಂದು ಗೊತ್ತಾಯಿತು. ಮನೆಗೆ ಬರುವ ಹೊತ್ತಿಗೆ ಹುಳವೆಲ್ಲ ಎದ್ದು, ಚೈತ್ರ ಕುಂಟುತ್ತ ಮೊದಲ ಸೊಪ್ಪು ಹಾಕುತ್ತಿದ್ದಳು.

ಆ ಬೆಳೆ ಎಲ್ಲ ಒಂದೇ ಸಮ ಬಲಿತು ಹಣ್ಣಾಗಿ ಗೂಡು ಕಟ್ಟಿತು. ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ಬರುತ್ತ ಮೂವರೂ ಕೆಂಗಲ್‌ನಲ್ಲಿ ಇಳಿದೆವು. ಹೊತ್ತ ಹರಕೆಯನ್ನು ಹಿಂದಕ್ಕೆ ಪಡೆಯಬೇಕಾದರೆ ತಪ್ಪುಕಾಣಿಕೆ ಕಟ್ಟಬೇಕು. ಆದರೆ ನನ್ನದೊಂದು ಷರತ್ತಿತ್ತು, ದೇವರಿಗೆ ಹೇಳುವ ಮೊದಲು ಅವಳಿಗೆ ಹೇಳಬೇಕು. ಚಪ್ಪಲಿ ಬಿಡುವ ಜಾಗದಲ್ಲಿ ನಿಂತು, ಆ ಹಳದಿ ಗಂಟನ್ನು ಕೈಯಲ್ಲಿ ತಿರುಗಿಸುತ್ತ, ನೆಲ ನೋಡುತ್ತ ಹೇಳಿದರು.

ಚೈತ್ರ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

'ನಿಂಗೆ ಭಯ ಆದ್ರೆ ತಪ್ಪೇನಿಲ್ಲಪ್ಪ. ನಂಗೂ ಆಯ್ತದೆ' ಎಂದಳು. 'ಆದ್ರೆ ಇಲ್ಲಿ ಹೇಳಿದ್ದನ್ನ ಸಾತನೂರಲ್ಲೂ ಹೇಳು. ಅಲ್ಲೊಂದು ಮಾತು, ಇಲ್ಲೊಂದು ಮಾತು ಬ್ಯಾಡ.'

'ಹೂಂ ಕಣವ್ವ' ಎಂದರು. ಸುಣ್ಣ ಕೂತು ಬಿಗಿದಿದ್ದ ಗಂಟನ್ನು ಹಲ್ಲಿನಿಂದ ಬಿಚ್ಚಿದರು. ನಾನು ಸಹಾಯ ಮಾಡಲಿಲ್ಲ.

ಚೈತ್ರ ಓಡಿದಳು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಓಡಿ ಗೆದ್ದಳು, ಹೋದಳು. ಯಜಮಾನರು ಹೂಂ ಅಂದದ್ದನ್ನು ಮರೆತರು. ಟೀ ಅಂಗಡಿಯಲ್ಲಿ ಮಗಳ ಯೂನಿಫಾರಂ ಫೋಟೋ ತೋರಿಸಿದರು, ಕುರ್ಚಿ ಗಿಟ್ಟಿಸಿದರು, ಭಯದ ಮಾತು ಮಾತ್ರ ಆಡಲಿಲ್ಲ. ರಜೆಗೆ ಬಂದಾಗಲೆಲ್ಲ ಅವಳು, 'ಹೇಳಿದ್ಯಾ ಅಪ್ಪ?' ಎಂದು ಕೇಳುತ್ತಾಳೆ. 'ಹೇಳ್ತೀನಿ ಬುಡವ್ವ' ಅನ್ನುತ್ತಾರೆ. ನಾನು ಒಳಗಿನಿಂದ ನಗುತ್ತೇನೆ, ಅವರಿಗೆ ಕೇಳಿಸುವ ಹಾಗೆ.

ಈ ವಾರ ಟಿ.ವಿ.ಯಲ್ಲಿ ಮತ್ತೆ ಗಡಿಯ ಸುದ್ದಿ. ಚೈತ್ರ ಈಗ ಇರುವುದು ಉತ್ತರದಲ್ಲಿ. ನಾಲ್ಕಾರು ದಿನದಿಂದ ಫೋನು ಸಿಗುತ್ತಿಲ್ಲ. ನಿನ್ನೆ ಸಂಜೆ ನಾವಿಬ್ಬರೂ ಸಾತನೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಟೀ ಅಂಗಡಿಯಿಂದ ಒಬ್ಬ ಕೂಗಿದ. 'ಏನ್ ಕೆಂಪಣ್ಣ, ಈ ಸಲ ನುಗ್ಗಿ ಹೊಡೆದೇಬುಡಬೇಕು ಅಲ್ವಾ? ಸೈನಿಕಳ ಅಪ್ಪ, ನೀನ್ ಹೇಳು!'

ಎಲ್ಲರೂ ಇವರ ಕಡೆ ತಿರುಗಿದರು. ನಾನೂ ತಿರುಗಿದೆ. ಟವೆಲ್ಲು ಕೈಗೆ ಬರುತ್ತದೆ ಎಂದು ಕಾದೆ.

'ಬ್ಯಾಡ ಕಣ್ಲಾ' ಎಂದರು. 'ನಂಗೆ ಭಯ ಆಯ್ತದೆ. ನಮ್ಮ ಮಗಳು ಅಲ್ಲವ್ಳೆ.'

ಕೂಗಿದವನು ನಕ್ಕ. ಅವನ ಹಿಂದೆ ಉಳಿದವರೂ ನಕ್ಕರು. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಗುವ ಹಕ್ಕು ನನ್ನೊಬ್ಬಳದಾಗಿತ್ತು. ಅದನ್ನು ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಸೀದಾ ಅಂಗಡಿಯೊಳಗೆ ಹೋಗಿ ಅವನ ಮುಂದೆ ನಿಂತೆ.

'ನಿನ್ ಮಗ ಎಲ್ಲವ್ನಪ್ಪ?' ಎಂದೆ.

ಅವನು ಟೀ ಲೋಟದೊಳಗೆ ನೋಡಿದ. ಅಷ್ಟರಲ್ಲಿ ಬಸ್ಸು ಬಂತು.

ಇವತ್ತು ಬೆಳಿಗ್ಗೆ ಸುಣ್ಣ ಉದುರಿಸುತ್ತ ತಲೆ ಎತ್ತಿದಾಗ ತೊಲೆಯಲ್ಲಿ ಹೊಸ ಹಳದಿ ಗಂಟು ಕಂಡಿತು. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಈ ಸಲ ಬೇರೆ ಕಡೆ ನೋಡಲಿಲ್ಲ. ಯಾವ ಹರಕೆ ಎಂದು ನಾನು ಕೇಳಲಿಲ್ಲ. ಹಿತ್ತಲಿಗೆ ಹೋಗಿ ಕನಕಾಂಬರ ಬಿಡಿಸಿಕೊಂಡು ಬಂದು, ಒಂದೇ ಒಂದು ಹೂವನ್ನು ಅವರ ಕೈಗೆ ಕೊಟ್ಟೆ.